ಅಂಗೈಗೆ ಹಾಕದ ವಯರು

ಕಬೀರಾಕ ಯಾರ ಗಾಡಿಯನ್ನು ರಿಪೇರಿ ಮಾಡಿದರೂ ಮಜೂರಿ ಕೇಳುವ ಮೊದಲು ಯಜಮಾನನ ಅಂಗೈ ಕೇಳುತ್ತಿದ್ದರು. “ಕೈ ಚಾಚಿ” ಎನ್ನುವರು. ಏನೆಂದು ತಿಳಿಯದೆ ಆತ ಕೈ ಚಾಚಿದೊಡನೆ ಕೆಟ್ಟುಹೋದ ಭಾಗವನ್ನು, ಅದು ಕಪ್ಪು ಹಿಡಿದ ಪ್ಲಗ್ಗಾಗಿರಲಿ, ಬಿರಿದ ಪೈಪಾಗಿರಲಿ, ಹಲ್ಲು ಮುರಿದ ಚಕ್ರವಾಗಿರಲಿ, ಒರೆಸದೆ, ಜಿಡ್ಡು ಸಹಿತ, ಆ ಅಂಗೈಯ ನಟ್ಟನಡುವೆ ಇಟ್ಟು, ಬೆರಳುಗಳನ್ನು ತಾವೇ ಮಡಚಿ, “ಇದು. ನೋಡಿಕೊಳ್ಳಿ” ಎಂದು ಹೇಳಿ ಕೈತೊಳೆಯಲು ಹೋಗುವರು. ಜೀವಮಾನದ ಬಹುಭಾಗ ಮಕ್ಕಳಿಗೆ ‘ಕೈ ನೀಡು’ ಎಂದು ಹೇಳಿ ಬೆತ್ತ ಹಿಡಿದವನು ನಾನು. ಆದರೆ ಅಂಥದೊಂದು ಮಾತಿಗೆ ಪಂಚಾಯತಿನ ಸದಸ್ಯರನ್ನೂ ಕಂಟ್ರಾಕ್ಟರರನ್ನೂ ಮಸೀದಿಯ ಉಸ್ತಾದರನ್ನೂ ಏಕಪ್ರಕಾರವಾಗಿ ಅಳುಕಿಸುವ ಶಕ್ತಿಯಿರುವುದನ್ನು ಕಂಡದ್ದು ಕಬೀರಾಕರ ಗ್ಯಾರೇಜಿನಲ್ಲಿ ಮಾತ್ರ.

ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಗಳಲ್ಲಿ ಹಿರಿಯರನ್ನು ಗೌರವದಿಂದ ‘ಕಾಕ’ ಎನ್ನುತ್ತಾರೆ. ಕಬೀರ್ ಎಂಬ ಹೆಸರಿಗೆ ಅದು ಅಂಟಿಕೊಂಡು, ನಾಲಗೆಯ ಮೇಲೆ ಸವೆದು, ಕಬೀರಾಕ ಆಗಿ, ಕಡೆಗೆ ಕಡಬದ ಗೌಡರಿಗೂ ಭಟ್ಟರಿಗೂ ಘಟ್ಟದ ಬುಡದಲ್ಲಿ ರಬ್ಬರ್ ಹಾಕಿದ ಕ್ರೈಸ್ತರಿಗೂ ಅವರು ಕಬೀರಾಕರೇ ಆಗಿಬಿಟ್ಟರು. ಪೇಟೆ ಮುಗಿದು ಇಚಿಲಂಪಾಡಿಯ ಕಡೆಗೆ ರಸ್ತೆ ತಿರುಗುವಲ್ಲಿ ಅವರ ತಗಡಿನ ಮಾಡಿನ ಗ್ಯಾರೇಜು. ನಿವೃತ್ತನಾದ ಮೇಲೆ ನನ್ನ ಸಂಜೆಯ ನಡಿಗೆ ಅಲ್ಲಿಗೆ ಮುಗಿಯುತ್ತಿತ್ತು. ಟಯರಿನ ಮೇಲೆ ಹಲಗೆಯಿಟ್ಟು ಮಾಡಿದ ಒಂದು ಆಸನವನ್ನು ಅವರು ನನಗೆಂದೇ ಒರೆಸಿಡುತ್ತಿದ್ದರು.

ಅವರು ನಡೆಯುವುದನ್ನು ದೂರದಿಂದ ಕಂಡರೂ ಗುರುತು ಹಿಡಿಯಬಹುದಿತ್ತು. ಗಲ್ಫಿನಲ್ಲಿದ್ದಾಗ ಜ್ಯಾಕು ಜಾರಿ ಲಾರಿಯೊಂದು ಎಡಗಾಲಿನ ಮೇಲೆ ಇಳಿದಿತ್ತು. ಅಂದಿನಿಂದ ಪ್ರತಿ ಎರಡನೆಯ ಹೆಜ್ಜೆಗೂ ದೇಹ ಒಮ್ಮೆ ಕುಸಿದು ಮತ್ತೆ ಏಳುತ್ತಿತ್ತು. “ನನ್ನದೂ ಒಂದು ಸಿಲಿಂಡರ್ ಮಿಸ್ಸಿಂಗ್ ಮಾಷ್ಟ್ರೇ” ಎಂದು ತಾವೇ ನಗುವರು. ಆ ಅಪಘಾತದೊಂದಿಗೆ ಅವರು ಊರಿಗೆ ತಂದ ಇನ್ನೊಂದು ವಸ್ತು ಬೂದುಬಣ್ಣದ ದಪ್ಪ ಕೋಟು. ಬೆನ್ನ ಮೇಲೆ ಯಾವುದೋ ಕಂಪೆನಿಯ ಹೆಸರಿದ್ದುದು ಒಗೆದು ಒಗೆದು ಅಳಿಸಿ, ಒಂದೆರಡು ಅಕ್ಷರಗಳ ನೆರಳು ಮಾತ್ರ ಉಳಿದಿತ್ತು. ಎಪ್ರಿಲಿನ ಬೇಗೆಯಲ್ಲೂ ಅದರ ಗುಂಡಿಗಳನ್ನು ಕೊರಳಿನ ತನಕ ಹಾಕಿಕೊಂಡೇ ಕೆಲಸ. ಸೆಕೆಯಾಗುವುದಿಲ್ಲವೇ ಎಂದು ಕೇಳಿದರೆ, “ಡಾಕ್ಟ್ರಿಗೆ ಬಿಳಿ ಕೋಟು ಯಾಕೆ ಅಂತ ಯಾರಾದ್ರೂ ಕೇಳ್ತಾರಾ?” ಎನ್ನುವರು. ವಿನಯ ಅವರ ಗುಣಗಳಲ್ಲಿ ಒಂದಾಗಿರಲಿಲ್ಲ.

ಇಂಜಿನು ಸಮನಾಗಿ ಓಡದೆ ನಡುನಡುವೆ ಒಂದು ಬಡಿತವನ್ನು ನುಂಗಿ ಮುಗ್ಗರಿಸುವುದಕ್ಕೆ ನಮ್ಮ ಕಡೆ ಮಿಸ್ಸಿಂಗ್ ಎನ್ನುತ್ತಾರೆ. ಕಬೀರಾಕರಿಗೆ ಹೆಸರು ಬಂದದ್ದು ಅದರಲ್ಲಿ. ಹಳೆಯ ಪೆಟ್ರೋಲ್ ಗಾಡಿಗಳು, ಅದರಲ್ಲೂ ಈ ಗುಡ್ಡದ ದಾರಿಗಳಲ್ಲಿ ಹಾಲಿನ ಕ್ಯಾನಿನಿಂದ ಹಿಡಿದು ಬಾಣಂತಿಯ ತನಕ ಎಲ್ಲವನ್ನೂ ಹೊತ್ತು ಸವೆದ ಓಮ್ನಿಗಳು, ಪುತ್ತೂರಿನಿಂದಲೂ ಸುಳ್ಯದಿಂದಲೂ ಅವರಲ್ಲಿಗೆ ಕೆಮ್ಮುತ್ತಾ ಬರುತ್ತಿದ್ದವು. ಬಂದ ಗಾಡಿಗೆ ಕುಂಟುತ್ತಾ ಒಂದು ಸುತ್ತು ಹಾಕಿ, ತೋರುಬೆರಳೆತ್ತಿ “ಇರಿ” ಎಂದು ಎಲ್ಲರ ಬಾಯಿ ಮುಚ್ಚಿಸಿ, ಮುಂದಿನ ಸೀಟನ್ನು ಎತ್ತಿ ಅದರಡಿಯ ಇಂಜಿನಿಗೆ ಕಿವಿಗೊಡುವರು. ಆಮೇಲೆ, ಓಡುತ್ತಿರುವ ಇಂಜಿನಿನ ಪ್ಲಗ್ಗುಗಳ ವಯರನ್ನು ಒಣಬಟ್ಟೆಯಲ್ಲಿ ಹಿಡಿದು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುವರು. ಅದರ ತತ್ತ್ವವನ್ನು ನನಗೆ ಹೀಗೆ ವಿವರಿಸಿದ್ದರು:

“ಓಮ್ನಿಯಲ್ಲಿ ಮೂರು ಜನ ಅಣ್ಣತಮ್ಮಂದಿರು ಮಾಷ್ಟ್ರೇ. ವಯರ್ ತೆಗೆದಾಗ ಇಂಜಿನು ನರಳಿದ್ರೆ ಅವ ದುಡಿಯುವವ. ತೆಗೆದ್ರೂ ಎಂತದೂ ಆಗ್ಲಿಲ್ಲ ಅಂದ್ರೆ ಅವ ಮೊದಲೇ ಮಲಗಿದವ. ಒಬ್ಬ ಮಲಗಿದ್ರೆ ಉಳಿದಿಬ್ಬರು ಹೇಗಾದ್ರೂ ಎಳೀತಾರೆ. ಇಬ್ಬರು ಮಲಗಿದ್ರೆ ಮೂರನೆಯವ ಎಷ್ಟು ಒಳ್ಳೆಯವನಾದ್ರೂ ಪ್ರಯೋಜನ ಇಲ್ಲ. ಏರಿನಲ್ಲಿ ನಿಲ್ಲುದೇ.”

ತಪ್ಪು ಸಿಕ್ಕಿದ ಮೇಲೆ ಅದನ್ನು ಮೃದುವಾಗಿ ಹೇಳುವ ಕಲೆ ಅವರಿಗೆ ತಿಳಿದಿರಲಿಲ್ಲ. ತಿಳಿಯಬೇಕೆಂಬ ಆಸೆಯೂ ಇರಲಿಲ್ಲ. ಬೈಕಿನ ಟ್ಯಾಂಕಿಗೆ ಯಾರೋ ಬಾಟ್ಲಿಯಲ್ಲಿ ಮಾರುವ ಅಗ್ಗದ ಪೆಟ್ರೋಲು ಹೊಯ್ಸಿಕೊಂಡಿದ್ದ ಉಸ್ತಾದರ ಅಂಗೈಗೆ ಹೊಗೆ ಮೆತ್ತಿದ ಪ್ಲಗ್ಗು ಹಾಕಿ, “ಕಲಬೆರಕೆ ಹರಾಮು ಅಂತ ಶುಕ್ರವಾರ ನಮಗೆ ಹೇಳುದು, ಶನಿವಾರ ಸೀಮೆಎಣ್ಣೆಯಲ್ಲಿ ತಿರುಗುದು, ಇದು ಹೇಗೆ ಉಸ್ತಾದರೇ?” ಎಂದಿದ್ದರು. ಉಸ್ತಾದರು ಒಳ್ಳೆಯವರು, ನಕ್ಕುಬಿಟ್ಟರು. ಕಾರಿನ ಅಂದಚಂದದ ಬಗ್ಗೆ ಬಹಳ ಹೆಮ್ಮೆಯಿದ್ದ ಕಂಟ್ರಾಕ್ಟರರೊಬ್ಬರ ಕೈಗೆ ಇಲಿಗೂಡಿನ ಕಸವನ್ನು ಹಾಕಿ, “ಮನೆಯಲ್ಲಿ ಬೆಕ್ಕು ಸಾಕ್ಲಿಕ್ಕೆ ತ್ರಾಣ ಇಲ್ವಾ ನಿಮಗೆ?” ಎಂದಾಗ ಅವರು ನಗಲಿಲ್ಲ, ಮತ್ತೆ ಬರಲೂ ಇಲ್ಲ. ಚೋಕ್ ಎಳೆದೇ ಸ್ಕೂಟರು ಓಡಿಸುವ ನನ್ನ ದುರಭ್ಯಾಸಕ್ಕೆ ನನ್ನ ಅಂಗೈಯೂ ಹಲವು ಬಾರಿ ಕಪ್ಪಾಗಿದೆ. ನಾಲ್ಕು ಜನರ ಮುಂದೆ ಹೀಗೆ ಮಾಡುವುದು ಸರಿಯೇ ಎಂದು ಒಮ್ಮೆ ಕೇಳಿದ್ದೆ. “ಬಾಯಲ್ಲಿ ಹೇಳಿದ್ದು ಗೇಟು ದಾಟುವ ಮೊದಲು ಮರೀತದೆ. ಕೈಗೆ ಮಸಿ ತಾಗಿದ್ದು ಊಟದ ಹೊತ್ತಿಗಾದ್ರೂ ನೆನಪಾಗ್ತದೆ” ಎಂದರು. ಹಾಗಾಗಿ ಜನ ಅವರನ್ನು ಬೈಯುತ್ತಲೇ ನಂಬುತ್ತಿದ್ದರು. ಕೆಟ್ಟದ್ದನ್ನು ಕಣ್ಣಿಗೆ ತೋರಿಸುವವನು ಕೆಡದಿರುವುದನ್ನು ಕೆಟ್ಟಿದೆ ಎಂದು ಹೇಳಲಾರ ಎಂಬುದು ಊರಿನ ಲೆಕ್ಕಾಚಾರ.

ಇಂಥ ಮನುಷ್ಯ, ಹೆಸರಿದ್ದ ಆ ದಿನಗಳಲ್ಲಿ, ಎರಡು ಬಾರಿ ಮಾತ್ರ ತನ್ನ ಪದ್ಧತಿಯನ್ನು ಬಿಟ್ಟುಕೊಟ್ಟದ್ದನ್ನು ನಾನು ಕಂಡಿದ್ದೇನೆ. ಎರಡೂ ಬಾರಿ ಗಾಡಿ ಒಂದೇ, ಯಜಮಾನನೂ ಒಬ್ಬನೇ.

ಅಚ್ಚುತ ಗೌಡರ ಮನೆ ಇಚಿಲಂಪಾಡಿಯಿಂದ ಒಳಗೆ, ಗುಡ್ಡದ ನೆತ್ತಿಯಲ್ಲಿ. ಸುತ್ತ ರಬ್ಬರ್ ತೋಟ. ಅರೆಭಾಷೆ ಆಡುವ ಗೌಡರ ಪೈಕಿ ಅವರದು ಗಟ್ಟಿ ಕೈಯ, ಗಟ್ಟಿ ದನಿಯ ಕುಟುಂಬ. ಆ ಗುಡ್ಡದ ಮೇಲಿನ ನಾಲ್ಕಾರು ಮನೆಗಳಿಗೆ ಗೌಡರ ಹಳೆಯ ಬಿಳಿ ಓಮ್ನಿಯೇ ಬಸ್ಸು, ಅದೇ ಆಂಬುಲೆನ್ಸು. ತಮ್ಮ ಕೈಯಿಂದಾಗುವ ಯಾವ ಕೆಲಸವನ್ನೂ ಅವರು ಇನ್ನೊಬ್ಬರಿಗೆ ಕೊಡುವವರಲ್ಲ. ಚಪ್ಪಲಿಯ ಬಾರು ಕಿತ್ತರೆ, ನೀರಿನ ಪೈಪು ಒಡೆದರೆ, ಕೊಡೆಯ ಬಟ್ಟೆ ಹರಿದರೆ, ಎಲ್ಲಕ್ಕೂ ಅವರಲ್ಲಿದ್ದ ಔಷಧ ಒಂದೇ: ಮರಕ್ಕೆ ಕಟ್ಟಿದ ಗೆರಟೆಗೆ, ಅಂದರೆ ತೆಂಗಿನ ಚಿಪ್ಪಿಗೆ, ಆಗತಾನೇ ಇಳಿದ ರಬ್ಬರ್ ಹಾಲು. ಬಟ್ಟೆಯ ಪಟ್ಟಿಯನ್ನು ಅದರಲ್ಲಿ ಅದ್ದಿ ಸುತ್ತಿ ಬಿಸಿಲಿಗಿಟ್ಟರೆ ತೊಗಲಿನಂತೆ ಹಿಡಿದುಕೊಳ್ಳುತ್ತಿತ್ತು. ಆ ಗುಡ್ಡದಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

ಕೆಲವು ವರ್ಷಗಳ ಹಿಂದಿನ ಬೇಸಗೆಯೊಂದರಲ್ಲಿ ಗೌಡರ ಮಗಳು ಭವಿತಾಳ ಮದುವೆ ನಿಶ್ಚಯವಾಗಿತ್ತು. ಗಂಡಹೆಂಡಿರು ಜೊತೆಯಾಗಿ ಮನೆಮನೆಗೆ ಹೋಗಿ ಹೇಳಿಕೆ ಕೊಟ್ಟು ಕರೆಯುವುದು ಕ್ರಮ. ಹಾಗೆ ಹೊರಟವರು, ಗಾಡಿ ಸ್ವಲ್ಪ ಎಳೆದಾಡುತ್ತದೆ ಎಂದು ಗ್ಯಾರೇಜಿನಲ್ಲಿ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಮದುವೆಯ ಕಾಗದಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು ಗೌಡರ ಹೆಂಡತಿ ಕಮಲಾವತಿ. ನಗುಮುಖದ, ಮಾತಿನಲ್ಲಿ ಗಂಡನಿಗೆ ಒಂದಿಷ್ಟೂ ಬಿಟ್ಟುಕೊಡದ ಹೆಂಗಸು. ಕಬೀರಾಕ ಪಾಯಿಂಟ್ ಎಂಬ ಸಣ್ಣ ತುಂಡನ್ನು, ಪ್ಲಗ್ಗಿಗೆ ಕರೆಂಟನ್ನು ಕಡಿದು ಕಡಿದು ಕಳಿಸುವ ಭಾಗವದು, ಹೊಸದಾಗಿ ಹಾಕಿದರು. ಇಂಜಿನು ಸರಿಯಾಯಿತು. ಸೀಟು ಇಳಿಸುವ ಮೊದಲು ಅವರ ಕಣ್ಣು ಪ್ಲಗ್ಗಿನ ವಯರುಗಳ ಮೇಲೆ ನಿಂತಿತು. ಜೊತೆಜೊತೆಯಾಗಿ ಹೋಗುವ ಎರಡು ವಯರುಗಳಿಗೆ ಹಳದಿ ಬಣ್ಣದ ಪಟ್ಟಿ ಸುತ್ತಿತ್ತು.

“ಇದೆಂತದು ಗೌಡ್ರೆ, ಕಾಲು ಮುರಿದವರಿಗೆ ಕಟ್ಟಿದ ಹಾಗೆ?”

“ಇಲಿ ಕಚ್ಚಿದ್ದು ಕಬೀರಾಕ. ಹಾಲು ಬಳಿದು ಕಟ್ಟಿದ್ದೇನೆ. ನಮ್ಮದು ಗುಡ್ಡದ ಇಂಜಿನಿಯರಿಂಗ್ ಮಾರಾಯ್ರೆ, ನಿಮ್ಮ ಗಲ್ಫಿನಲ್ಲಿ ಇದೆಲ್ಲ ಇರ್ಲಿಕ್ಕಿಲ್ಲ.”

ಒಳಗಿನಿಂದ ಕಮಲಾವತಿ, “ಗೆರಟೆಯಲ್ಲಿ ಹಾಲು ತಂದು ಕೊಟ್ಟದ್ದು ನಾನು, ವಯರ್ ಹಿಡ್ಕೊಂಡು ನಿಂತದ್ದು ನಾನು. ಇಂಜಿನಿಯರ್ ಮಾತ್ರ ಅವರು” ಎಂದರು. ಅಲ್ಲಿದ್ದವರೆಲ್ಲ ನಕ್ಕರು.

ಕಬೀರಾಕರ ತೋರುಬೆರಳು ಮೇಲೆ ಹೋಯಿತು. “ಇರಿ” ಎಂದರು. ನಾನು ಗೌಡರ ಅಂಗೈಯ ಗತಿಯನ್ನು ನೆನೆದು ನಗು ತಡೆದುಕೊಂಡೆ. ಆದರೆ ಕಬೀರಾಕ ಒಮ್ಮೆ ಕಮಲಾವತಿಯ ಮುಖವನ್ನೂ ಅವರು ಚಾಚಿ ಹಿಡಿದಿದ್ದ ಮದುವೆಯ ಕಾಗದವನ್ನೂ ನೋಡಿದರು. ಬೆರಳು ಇಳಿಯಿತು. “ಮಳೆಗಾಲಕ್ಕೆ ಮೊದಲು ಗಾಡಿ ಒಮ್ಮೆ ತನ್ನಿ. ವಯರ್ ನೋಡುವ” ಎಂದಷ್ಟೇ ಹೇಳಿ, ಕೈಯನ್ನು ಕೋಟಿಗೆ ಒರೆಸಿ, ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. “ಸಾರಮ್ಮನನ್ನೂ ಕರ್ಕೊಂಡು ಬರ್ಬೇಕು” ಎಂದು ಕಬೀರಾಕರ ಹೆಂಡತಿಯನ್ನೂ ಸೇರಿಸಿ ಕರೆದರು ಕಮಲಾವತಿ. ಶುಭಕಾರ್ಯಕ್ಕೆ ಕರೆಯಬಂದ ಹೆಂಗಸಿನ ಎದುರು ಅವಳು ಕೈಹಾಕಿದ ಕೆಲಸವನ್ನು ಕೆಟ್ಟದೆನ್ನಬಾರದು ಎಂಬ ದಾಕ್ಷಿಣ್ಯ ಆ ಬೆರಳನ್ನು ಇಳಿಸಿತ್ತು. ಬೇರೆ ಯಾರಲ್ಲಾದರೂ ಇದ್ದಿದ್ದರೆ ನಾನು ಅದನ್ನು ಗಮನಿಸುತ್ತಲೂ ಇರಲಿಲ್ಲ.

ಮದುವೆ ಆಯಿತು. ಕಬೀರಾಕ ದಂಪತಿ ಹೋಗಿ ಬಂದರು. ಮದುವೆಯ ಗಡಿಬಿಡಿಯಲ್ಲಿ ಗೌಡರು ವಯರಿನ ಮಾತನ್ನು ಮರೆತರು.

ಮೇ ತಿಂಗಳ ಕೊನೆಯ ಒಂದು ಬೆಳಗ್ಗೆ ಘಟ್ಟದ ಮೇಲೆ ಮೋಡ ಕಪ್ಪಾಗಿರುವುದನ್ನು ಕಂಡು, ಮಳೆ ಬಿದ್ದರೆ ಗೆರಟೆಗಳಲ್ಲಿರುವ ಹಾಲೆಲ್ಲ ನೀರಾಗುತ್ತದೆಂದು ಕಮಲಾವತಿ ಬಕೆಟು ಹಿಡಿದು ತೋಟಕ್ಕೆ ಇಳಿದರು. ತರಗೆಲೆಯಡಿ ಮಲಗಿದ್ದ ಕೊಳಕುಮಂಡಲ ಹಾವು ಹಿಮ್ಮಡಿಗೆ ಕಚ್ಚಿತು. ಗೌಡರು ಹೆಂಡತಿಯನ್ನು ಎತ್ತಿ ಓಮ್ನಿಯಲ್ಲಿ ಮಲಗಿಸಿ ಹೊರಟರು. ಗೇಟು ದಾಟುವಷ್ಟರಲ್ಲಿ ವರ್ಷದ ಮೊದಲ ಮಳೆ ಬಿತ್ತು. ಬರಿಯ ಮಳೆಯಲ್ಲ, ದಾರಿಯೇ ತೋಡಾಗಿ ಹರಿಯುವಂಥ ಮಳೆ. ಗುಡ್ಡ ಇಳಿದು, ತೋಡಿನ ನೀರನ್ನು ಸೀಳಿಕೊಂಡು ದಾಟಿ, ಆಚೆಯ ಏರು ಹತ್ತುವಾಗ ಇಂಜಿನು ಮುಗ್ಗರಿಸತೊಡಗಿತು. ಅರ್ಧ ಏರಿನಲ್ಲಿ ನಿಂತಿತು. ಗೌಡರು ಕೀ ತಿರುಗಿಸಿದರು, ಸೀಟು ಎತ್ತಿ ಕೈಗೆ ಸಿಕ್ಕಿದ್ದನ್ನೆಲ್ಲ ಅಲುಗಿಸಿದರು, ಮತ್ತೆ ಕೀ ತಿರುಗಿಸಿದರು. ಆ ಹಳ್ಳದಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹೆಂಡತಿಯನ್ನು ಗಾಡಿಯಲ್ಲಿಯೇ ಬಿಟ್ಟು ಡಾಮರು ರಸ್ತೆಯ ತನಕ ಓಡಿ, ಬಹಳ ಹೊತ್ತು ಕಾದು, ರಬ್ಬರ್ ಶೀಟು ಹೊತ್ತ ಪಿಕಪ್ ಒಂದನ್ನು ಅಡ್ಡಗಟ್ಟಿ ಕರೆತಂದರು. ಕಡಬ, ಅಲ್ಲಿಂದ ಪುತ್ತೂರು, ಅಲ್ಲಿಂದ ಮಂಗಳೂರು. ಕಮಲಾವತಿ ಕೆಲವು ದಿನ ಜೀವ ಹಿಡಿದಿದ್ದು, ಕಿಡ್ನಿ ಸೋತು, ತೀರಿಕೊಂಡರು. ಸ್ವಲ್ಪ ಮೊದಲು ಬಂದಿದ್ದರೆ ಎಂದರಂತೆ ಡಾಕ್ಟರು. ಅವರಿಗದು ದಿನವೂ ಹೇಳಬೇಕಾಗುವ ಮಾತು. ಗೌಡರಿಗೆ ಆಮೇಲೆ ಬೇರೆ ಮಾತೇ ಕೇಳಿಸದಂತಾಯಿತು.

ಉತ್ತರಕ್ರಿಯೆ ಮುಗಿದ ಮೇಲೆ ಅವರು ಗಾಡಿಯನ್ನು ತಾವೇ ಓಡಿಸಿಕೊಂಡು ಗ್ಯಾರೇಜಿಗೆ ಬಂದರು. ಕ್ಷೌರ ಮಾಡಿದ ತಲೆ, ಒಳಕ್ಕೆ ಹೋದ ಕಣ್ಣು. ಗಟ್ಟಿ ದನಿ ಎಲ್ಲೋ ಇಂಗಿಹೋಗಿತ್ತು. ಮಳೆ ಒಂದು ವಾರದಿಂದ ಹಿಂದೆ ಸರಿದು ಬಿಸಿಲು ಕಾದಿತ್ತು; ಇಂಜಿನು ಒಂದು ಏಟೂ ತಪ್ಪದೆ ಓಡುತ್ತಿತ್ತು.

“ಕೇಳಿ ಕಬೀರಾಕ, ಹೇಗೆ ಓಡ್ತಾ ಉಂಟು ಕೇಳಿ” ಎಂದರು. “ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಮರುದಿನ ಏರಿನಿಂದ ಇದನ್ನು ತರ್ಲಿಕ್ಕೆ ಹೋದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ನನ್ನನ್ನು ನೋಡಿ ನಗಾಡಿದ ಹಾಗೆ. ಅವತ್ತು ಇದು ಯಾಕೆ ನಿಂತದ್ದು? ನನಗೆ ಬೇರೆ ಎಂತದೂ ಬೇಡ. ಅದೊಂದು ಗೊತ್ತಾಗ್ಬೇಕು.”

“ಆಯ್ತು” ಎಂದರು ಕಬೀರಾಕ. “ಪೇಟೆಗೆ ಹೋಗಿ ಮೂರು ಪ್ಲಗ್ ತನ್ನಿ. ನಡ್ಕೊಂಡೇ ಹೋಗಿ, ಅವಸರ ಇಲ್ಲ.”

ಪ್ಲಗ್ಗುಗಳು ಅವರ ಕಪಾಟಿನಲ್ಲೇ ಬೇಕಾದಷ್ಟಿದ್ದವು.

ಗೌಡರು ತಿರುವು ದಾಟಿದ ಮೇಲೆ ಕಬೀರಾಕ ಶಟರನ್ನು ಅರ್ಧಕ್ಕಿಂತ ಹೆಚ್ಚು ಎಳೆದರು. ಒಳಗೆ ಕತ್ತಲಾಯಿತು. ಸೀಟು ಎತ್ತಿ, ಇಂಜಿನು ಓಡುತ್ತಿದ್ದಂತೆಯೇ ತಂಬಿಗೆಯ ನೀರನ್ನು ಕೈಯಲ್ಲಿ ತೆಗೆದು ಹಳದಿ ಪಟ್ಟಿ ಸುತ್ತಿದ್ದ ವಯರುಗಳ ಮೇಲೆ, ಪೂಜೆಗೆ ಕೂತವರು ತೀರ್ಥ ಚಿಮುಕಿಸುವಂತೆ, ಎರಡು ಮೂರು ಸಲ ಚಿಮುಕಿಸಿದರು. ಮೊದಲು ಏನೂ ಆಗಲಿಲ್ಲ. ಅನಂತರ ಪಟ್ಟಿಯ ಅಂಚಿನಲ್ಲಿ ನೀಲಿ ಬೆಳಕಿನ ಹುಳವೊಂದು ಹರಿದಾಡಿತು. ಟಿಕ್ ಟಿಕ್ ಎಂದು ಸದ್ದು. ಇನ್ನೊಂದು ಹುಳ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಒದ್ದೆ ರಬ್ಬರಿನ ಮೇಲೆ ತೆವಳಿಕೊಂಡು ಬಂದು ಪಕ್ಕದ ಕಬ್ಬಿಣಕ್ಕೆ ಹಾರಿ ಸಾಯುತ್ತಿತ್ತು. ಗಾಡಿ ಇಡಿಯಾಗಿ ನಡುಗತೊಡಗಿತು. ಕಬೀರಾಕ ಒಂದು ವಯರನ್ನು ಕಿತ್ತರು, ವ್ಯತ್ಯಾಸವಿಲ್ಲ. ಅದನ್ನು ಸಿಕ್ಕಿಸಿ ಎರಡನೆಯದನ್ನು ಕಿತ್ತರು; ಅದಕ್ಕೂ ಇಲ್ಲ. ಮೂರನೆಯದಕ್ಕೆ ಕೈ ಹಾಕುವ ಮೊದಲೇ ಇಂಜಿನು ನಿಂತಿತು.

 ಎಲ್ಲೋ ಮಾಡಿನ ತಗಡು ಬಿಸಿಲಿಗೆ ಚಟಪಟಗುಟ್ಟುತ್ತಿತ್ತು.

“ಮೇಲೆ ಒಣಗಿದ ಹಾಗೆ ಕಾಣ್ತದೆ. ಒಳಗೆ ಪಸೆ ಇರ್ತದೆ” ಎಂದರು, ನನಗಲ್ಲ, ಇಂಜಿನಿಗೆ ಹೇಳುವಂತೆ. “ಬೇಸಗೆ ಇಡೀ ಓಡಿತು. ಒಂದು ಮಳೆ ತಾಗ್ಬೇಕಿತ್ತು, ಅಷ್ಟೆ. ನಾನು ನೋಡಿದ್ದೆ ಮಾಷ್ಟ್ರೇ. ನೀವು ಇಲ್ಲೇ ಕೂತಿದ್ರಿ. ಊರಿನವರಿಗೆಲ್ಲ ಕೈಗೆ ಹಾಕ್ತೇನೆ. ಅವತ್ತು ಹಾಕ್ಲಿಲ್ಲ.”

ಮಳೆಗೆ ಮೊದಲು ಗಾಡಿ ತರಲು ಹೇಳಿದ್ದಿರಲ್ಲ ಎಂದೆ. ಅವರು ಎರಡು ವಯರುಗಳನ್ನೂ ಕಿತ್ತು, ಕಪಾಟಿನಿಂದ ಹೊಸ ವಯರುಗಳನ್ನು ತೆಗೆದು ಜೋಡಿಸಿದರು. ಗೌಡರ ನೆರಳು ರಸ್ತೆಯಲ್ಲಿ ಕಂಡಾಗ ಹಳೆಯವನ್ನು ಸುರುಳಿ ಸುತ್ತಿ, ಕೊರಳಿನ ಗುಂಡಿ ಬಿಚ್ಚಿ, ಕೋಟಿನ ಒಳಜೇಬಿಗೆ ಹಾಕಿ ಮತ್ತೆ ಗುಂಡಿ ಹಾಕಿಕೊಂಡರು. ಆಮೇಲೆ ಗುಜರಿ ಸಾಮಾನಿನ ಡಬ್ಬಿಯಲ್ಲಿ ಏನನ್ನೋ ಹುಡುಕಿದರು.

“ಸಿಕ್ಕಿತಾ?” ಎಂದರು ಗೌಡರು.

“ಕೈ ಚಾಚಿ.”

ಗೌಡರು ಕೈ ಚಾಚಿದರು. ಕಬೀರಾಕ ಅದರ ಮೇಲಿಟ್ಟದ್ದು ಸುಟ್ಟು ಕರಿದಾದ, ಯಾವುದೋ ಗಾಡಿಯ ಒಂದು ಪಾಯಿಂಟ್. “ನಾನು ಹಾಕಿದ್ದು. ಸ್ಕ್ರೂ ಸರಿ ಬಿಗಿಯಲಿಲ್ಲ. ಸಡಿಲ ಆಗಿ ಸುಟ್ಟಿದೆ, ಒಮ್ಮೆ ತಾಗ್ತದೆ, ಒಮ್ಮೆ ಇಲ್ಲ. ತಪ್ಪು ನನ್ನದು ಗೌಡ್ರೆ.”

ಬೆರಳುಗಳನ್ನು ಮಡಚಲು ಹೋದ ಕಬೀರಾಕರ ಕೈಯನ್ನು ಗೌಡರು ತಳ್ಳಿದರು. ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೀಟು ಇನ್ನೂ ಎತ್ತಿಯೇ ಇತ್ತು. ಅವರ ನೋಟ ಒಮ್ಮೆ ಅತ್ತ ಹೋಗಿ ಬಂತು. ಆಮೇಲೆ ಪಾಯಿಂಟನ್ನು ನೆಲಕ್ಕೆಸೆದು, “ನೀನಾ ಬ್ಯಾರಿ” ಎಂದರು. ಅಷ್ಟು ವರ್ಷಗಳ ‘ಕಬೀರಾಕ’ ಆ ಒಂದು ಮಾತಿನಲ್ಲಿ ಮುಗಿಯಿತು.

ಹೊರಡುವಾಗ ಕಬೀರಾಕ, “ಇನ್ನು ವಯರಿಗೆ ಹಾಲು ಬಳೀಬೇಡಿ. ಇಲಿ ಅದರ ವಾಸನೆಗೇ ಬರುದು” ಎಂದರು. ಗೌಡರು ತಿರುಗಿ ನೋಡದೆ ಗಾಡಿ ಬಿಟ್ಟರು.

ಏಕೆ ಹೀಗೆ ಮಾಡಿದಿರಿ ಎಂದು ನಾನು ಕೇಳಿದೆ. ಸುಳ್ಳು ಸುಳ್ಳೇ ಅಲ್ಲವೇ ಎಂದೂ ಕೇಳಿದೆ. ಅವರಿಗೆ ಸಿಟ್ಟು ಬಂತು.

“ನಿಮ್ಮ ನೀತಿಪಾಠ ಬೇಡ ಮಾಷ್ಟ್ರೇ. ಪಾಯಿಂಟ್ ಅಂದ್ರೆ ಅವರು ನನ್ನನ್ನು ನಾಲ್ಕು ಬೈದು ಮಲಗ್ತಾರೆ. ವಯರ್ ಅಂದ್ರೆ ಯಾರನ್ನು ಬೈಯುದು? ಹಾಲು ತಂದ ಕೈ ಯಾರದ್ದು, ವಯರ್ ಹಿಡಿದು ನಿಂತದ್ದು ಯಾರು? ಅದನ್ನು ಅವರ ಅಂಗೈಗೆ ಹೇಗೆ ಹಾಕುದು? ನೀವು ಹಾಕ್ತೀರಾ? ಹಾಕುದಾದ್ರೆ ತೆಗೀತೇನೆ, ತಗೊಳ್ಳಿ.” ಕೈ ಕೊರಳಿನ ಗುಂಡಿಗೆ ಹೋಗಿತ್ತು. ನಾನು ಕೈ ಚಾಚಲಿಲ್ಲ. ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು.

ಪೇಟೆಯಲ್ಲಿ ಸುದ್ದಿ ಹರಡಲು ತಡವಾಗಲಿಲ್ಲ. ಗೌಡರು ಹೋದಲ್ಲೆಲ್ಲ ಹೇಳಿದರು. ಕೇಳಿದವರು ತಮ್ಮದನ್ನೂ ಸೇರಿಸಿದರು. “ಅವರ ಕೈಗೆ ಗಾಡಿ ಕೊಟ್ರೆ ಹೀಗೇ” ಎಂದು ಹೊಟೇಲಿನಲ್ಲಿ ಒಬ್ಬ ಚಾ ಕುಡಿಯುತ್ತಾ ಹೇಳಿದ್ದನ್ನು ನಾನೇ ಕೇಳಿದೆ. ಆ ‘ಅವರ’ ಎಂಬುದು ಗೌರವದ ಬಹುವಚನವಾಗಿರಲಿಲ್ಲ. ಒಬ್ಬ ಕಬೀರಾಕನ ಮೇಲೆ ನಿಲ್ಲದೆ, ಟೊಪ್ಪಿ ಹಾಕಿದ ಎಲ್ಲರ ಮೇಲೂ ಅದು ಹರಡಿಕೊಂಡಿತ್ತು. ಓಮ್ನಿಗಳು ಬೇರೆ ಗ್ಯಾರೇಜುಗಳ ದಾರಿ ಹಿಡಿದವು. ಬರುತ್ತಿದ್ದ ಕೆಲವರೂ ಕೈ ಚಾಚುವುದನ್ನು ಬಿಟ್ಟರು. ಚಾಚಿ ಎಂದು ಹೇಳುವುದನ್ನು ಕಬೀರಾಕರೂ ಬಿಟ್ಟರು. ಕೆಟ್ಟ ಭಾಗವನ್ನು ಒರೆಸಿ ಬಾನೆಟ್ಟಿನ ಮೇಲಿಟ್ಟು ಒಳಗೆ ಹೋಗುವರು. ಯಜಮಾನರು ಅದನ್ನು ಅಲ್ಲೇ ಬಿಟ್ಟು ಹೋಗುವರು.

ಒಮ್ಮೆ ಅವರ ಮನೆಗೆ ಹೋದಾಗ ಸಾರಮ್ಮ ಚಾ ತಂದಿಟ್ಟು, ಗಂಡನಿಗೆ ಕೇಳಿಸುವಂತೆಯೇ ನನಗೆ ಹೇಳಿದರು: “ಕಮಲಕ್ಕ ಮದುವೆಗೆ ನನ್ನ ಕೈ ಹಿಡಿದು ಕರ್ಕೊಂಡು ಹೋಗಿ ಊಟಕ್ಕೆ ಕೂರಿಸಿದ್ದಾರೆ ಮಾಷ್ಟ್ರೇ. ಒಂದು ಸ್ಕ್ರೂ ಬಿಗಿಯುವಾಗ ಇವರ ಜ್ಞಾನ ಎಲ್ಲಿತ್ತು ಅಂತ. ಪೇಟೆಗೆ ಹೋಗ್ಲಿಕ್ಕೆ ನನಗೆ ಮುಖ ಇಲ್ಲ.” ಕಬೀರಾಕ ಚಾ ಕುಡಿಯುತ್ತಿದ್ದರು. ಲೋಟ ಕೆಳಗಿಡಲಿಲ್ಲ. ಮನೆಯಲ್ಲೂ ಅವರು ಹೇಳಿರಲಿಲ್ಲವೆಂದು ನನಗೆ ತಿಳಿದದ್ದು ಆಗ.

ಕಳೆದ ಮಳೆಗಾಲದಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಗ್ಯಾರೇಜಿನ ಶಟರು ಅದಕ್ಕೆ ಮೊದಲೇ ಹೆಚ್ಚುಕಡಿಮೆ ಮುಚ್ಚಿತ್ತು. ಮಣ್ಣು ಮಾಡುವ ದಿನ ಬಹಳ ಜನರಿರಲಿಲ್ಲ. ಕೆಲವು ದಿನ ಬಿಟ್ಟು ಅಚ್ಚುತ ಗೌಡರು ನನ್ನ ಮನೆಗೆ ಬಂದು, “ಅಲ್ಲಿಗೆ ಒಮ್ಮೆ ಹೋಗ್ಬೇಕು. ಒಬ್ಬನಿಗೆ ಧೈರ್ಯ ಇಲ್ಲ. ಬನ್ನಿ ಮಾಷ್ಟ್ರೇ” ಎಂದರು. ಓಮ್ನಿಯಲ್ಲಿಯೇ ಹೋದೆವು. ದಾರಿಯುದ್ದಕ್ಕೂ ಮಳೆ, ಇಂಜಿನು ಸಮನಾಗಿ ಓಡಿತು.

ಗಂಡ ತೀರಿದ ಹೆಂಗಸು ಕೆಲವು ತಿಂಗಳು ಪರಪುರುಷರ ಎದುರು ಬರಬಾರದೆಂಬುದು ಅವರ ನೇಮ. ನಾವು ಚಾವಡಿಯಲ್ಲಿ ಕೂತೆವು; ಸಾರಮ್ಮ ಪರದೆಯ ಹಿಂದಿನಿಂದ ಮಾತಾಡಿದರು.  ಮದುವೆಯಾಗಿ ಸುಳ್ಯದಲ್ಲಿರುವ ಮಗಳು ಶಾಹಿದಾ ಚಾ ತಂದಳು. ಮತ್ತೆ ಒಳಗೆ ಹೋಗಿ, ತಾನು ‘ಉಪ್ಪ’ ಎಂದು ಕರೆಯುತ್ತಿದ್ದ ತಂದೆಯ ಕೋಟನ್ನು ತಂದು, “ಇದರ ಒಳಜೇಬಿನಲ್ಲಿ ಇದು ಇತ್ತು ಮಾಷ್ಟ್ರೇ. ಒಗೆಯುವಾಗೆಲ್ಲ ಉಪ್ಪ ತೆಗೆದಿಟ್ಟು ಮತ್ತೆ ಹಾಕ್ಕೊಳ್ತಿದ್ರಂತೆ. ಇದು ಎಂತದು? ಬಿಸಾಡುದಾ?” ಎಂದು ಕೇಳಿದಳು.

ಹಳದಿ ಪಟ್ಟಿ ಸುತ್ತಿದ ಎರಡು ವಯರುಗಳು. ರಬ್ಬರು ಈಗ ಕಂದುಬಣ್ಣಕ್ಕೆ ತಿರುಗಿ ಬಿರಿದಿತ್ತು. 

ಗೌಡರು ಎದ್ದು ನಿಂತು ಅಂಗೈ ಚಾಚಿದರು. “ಕೊಡು ಮಗಳೇ. ಅದು ನನ್ನ ಗಾಡಿದ್ದು.”

ಅವಳು ಅವರ ಕೈಯಲ್ಲಿಟ್ಟಳು. ಗೌಡರು ಬೆರಳುಗಳನ್ನು ತಾವೇ ಮಡಚಿಕೊಂಡರು. ಪರದೆಯ ಕಡೆ ತಿರುಗಿ, “ಸಾರಮ್ಮ, ಸ್ಕ್ರೂ ಅಲ್ಲ. ಇದು. ನಾನು ಕಟ್ಟಿದ್ದು. ಕಬೀರಾಕಂದು ಎಂತದೂ ತಪ್ಪಿಲ್ಲ” ಎಂದರು. “ಸೀಟು ಎತ್ತಿದ್ದಾಗ ಹೊಸ ವಯರ್ ನೋಡಿದ್ದೆ. ಹಳೆಯದ್ದನ್ನು ಕೈಗೆ ಹಾಕದೆ ಅವರು ಯಾರನ್ನೂ ಕಳಿಸಿದವರಲ್ಲ. ಎಲ್ಲಿ ಅಂತ ಒಂದು ಮಾತು ಕೇಳ್ಬಹುದಿತ್ತು. ಕೇಳ್ಲಿಲ್ಲ. ಕೇಳಿದ್ರೆ ಮತ್ತೆ ನನಗೆ ಬದುಕ್ಲಿಕ್ಕೆ ಆಗ್ತಿರಲಿಲ್ಲ.”

ಪರದೆ ಅಲುಗಲಿಲ್ಲ. ಮಾಡಿನಿಂದ ನೀರು ಸುರಿಯುವ ಸದ್ದು ಮಾತ್ರ. ಆ ಹೆಂಗಸು ಅಳುತ್ತಾರೆಂದೋ ಶಪಿಸುತ್ತಾರೆಂದೋ ನಾನು ಕಾದೆ. ಬಹಳ ಮೆಲ್ಲನೆ ಅವರು ಹೇಳಿದ್ದು ಇಷ್ಟೇ:

“ನನ್ನ ಹತ್ರ ಆದ್ರೂ ಅವರು ಹೇಳ್ಬಹುದಿತ್ತು.”

ಹಿಂತಿರುಗುವಾಗ ಗೌಡರು ಒಂದು ಕೈಯಲ್ಲಿ ವಯರು ಹಿಡಿದೇ ಗಾಡಿ ಓಡಿಸಿದರು. ನನ್ನ ಗೇಟಿನೆದುರು ನಿಲ್ಲಿಸಿ, “ಬರೀರಿ ಮಾಷ್ಟ್ರೇ. ಪೇಟೆಯಿಡೀ ಹೇಳ್ಕೊಂಡು ತಿರುಗಿದವ ನಾನು. ತಿರುಗಿಸಿ ಹೇಳ್ಲಿಕ್ಕೆ ನನ್ನ ಬಾಯಿಗೆ ಬರುದಿಲ್ಲ” ಎಂದರು. ಹಾಗಾಗಿ ಬರೆದಿದ್ದೇನೆ.

ಊರಿನಲ್ಲಿ ತಪ್ಪು ಹುಡುಕುವವರಿಗೆ ಕೊರತೆಯಿಲ್ಲ. ಹುಡುಕಿದ್ದನ್ನು ಯಜಮಾನನ ಅಂಗೈಗೇ ಹಾಕುವ ಎದೆಗಾರರೂ ಕೆಲವರಿರುತ್ತಾರೆ. ಅಂಥವರಲ್ಲಿ ಅಪರೂಪಕ್ಕೊಬ್ಬರು, ಎದುರಿಗೆ ಚಾಚಿದ ಕೈ ಆ ಭಾರವನ್ನು ತಾಳದೆಂದು ಕಂಡಾಗ, ಅದನ್ನು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ಇವರನ್ನು ಮಹಾತ್ಮರೆಂದು ಹೊಗಳಲು ನನಗೆ ಈಗ ಮನಸ್ಸಾಗುವುದಿಲ್ಲ. ಆ ಪರದೆಯ ಹಿಂದಿನ ದನಿಯನ್ನು ನಾನು ಕೇಳಿದ್ದೇನೆ. ನೆರೆಯವನ ಮನೆಗೆ ಹೋಗಬೇಕಾದ ದುಃಖವನ್ನು ಇಂಥವರು ದಾರಿಯಲ್ಲೇ ತಡೆಯುತ್ತಾರೆ. ಆದರೆ ತಡೆದ ದುಃಖ ಎಲ್ಲಿಗೂ ಹೋಗುವುದಿಲ್ಲ. ಅವರದೇ ಮನೆಯ ಬಾಗಿಲ ಹಿಂದೆ, ಏನೊಂದನ್ನೂ ತಿಳಿಯದೆ, ಯಾರೋ ಒಬ್ಬರು ಅದನ್ನು ಹೊತ್ತು ಕೂತಿರುತ್ತಾರೆ.